ಕುಡಿಯೋದಲ್ಲ, ಬಾಯಲ್ಲಿಟ್ಕೊಳ್ಳೋದು

ತುಟಿ ಜೋತಿದೆ, ಒದ್ದೆ ಕಾಲುಚೀಲದ ಹಾಗೆ, ಕಾಪ್‌ಮೋಯಿಯ ಕೆಳತುಟಿ, ಗಂಟಲಿಗಿಳಿಸಿದ ಕೊಳವೆಯನ್ನು ಈಗಷ್ಟೇ ಎಳೆದಿದ್ದಾರೆ, ಮರಗಟ್ಟಿಸುವ ಔಷಧಿ ಇನ್ನೂ ಬಿಟ್ಟಿಲ್ಲ, ಅವಳು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಕೂತಾಗ ಇಡೀ ಐಜಾಲ್ ಬೆಟ್ಟ ಒಂದು ಮೊಳ ಕುಸಿಯಿತು — ಏನಂದ್ರೇ ಡಾಕ್ಟ್ರು, ಅಂದೆ, ಹೊಟ್ಟೇಲಿ ಹಂದಿಮರಿ ಸಿಕ್ತಾ, ಅವಳು ನಗಲಿಲ್ಲ, ಹೋದ ವಾರ ಹೊಟ್ಟೆಯಿಂದ ಕಿತ್ಕೊಂಡ ಚೂರು ಕೆಟ್ಟಿದೆಯಂತೆ ರೋಖುಮಿ, ಅದಕ್ಕೇ ಇವತ್ತು ಇನ್ನೊಂದ್ಸಲ ಇಳಿಸಿ ನೋಡಿದ್ರು, ಕ್ಯಾನ್ಸರ್ರೇ ಅಂತೆ, ಇನ್ನು ನೋಡ್ತಾ ಕೂರೋದಿಲ್ವಂತೆ, ಹೊಟ್ಟೆ ಕೊಯ್ದು ತೆಗೀತಾರಂತೆ, ನಿಂದು? ನನ್ನದು ಹಾಗೇ ಇದೆ, ಬೆಳಿಗ್ಗೆಯೇ ಹೇಳಿದರು, ಹೋದ ವರ್ಷ ಹೇಗಿತ್ತೋ ಹಾಗೇ ಅಜ್ಜಿ, ಮುಂದಿನ ವರ್ಷ ಬನ್ನಿ — ಖುಷಿಯಾಯಿತು, ಸುಳ್ಳೇಕೆ, ಐಜಾಲಿನ ಚರ್ಚುಗಳೆಲ್ಲ ಒಟ್ಟಿಗೇ ಗಂಟೆ ಹೊಡೆದಷ್ಟು ಖುಷಿ, ನಾಲ್ಕು ವರ್ಷದ ಹಿಂದೆ ಇದೇ ಬೆಂಚು, ಇಬ್ಬರ ಹೊಟ್ಟೆಯಲ್ಲೂ ಒಂದೇ ಕಲೆ, ಒಳಚರ್ಮ ವೇಷ ಬದಲಾಯಿಸ್ತಿದೆ, ಇನ್ನೂ ಕ್ಯಾನ್ಸರ್ ಅಲ್ಲ, ಆಗಬಹುದು, ವರ್ಷಕ್ಕೊಮ್ಮೆ ಕೊಳವೆ ಇಳಿಸಿ ನೋಡೋಣ, ತುಯ್‌ಬುರ್ ಕುಡಿಯೋದು ಬಿಡಿ, ಅಂದಿದ್ದರು ಡಾಕ್ಟ್ರು — ಕುಡಿಯೋದಂತೆ! ತಂಬಾಕಿನ ಹೊಗೆ ಹಿಡಿಸಿದ ನೀರನ್ನು ಯಾರಾದರೂ ಕುಡಿಯುತ್ತಾರೆಯೇ, ಕೆನ್ನೆಯಲ್ಲಿಟ್ಟುಕೊಂಡು ಉಗಿಯುತ್ತಾರೆ, ನಲವತ್ತು ವರ್ಷ ಅದನ್ನು ಭಟ್ಟಿ ಇಳಿಸಿ ಮಾರಿದವಳು ನಾನು, ಅದರಲ್ಲಿ ಎರಡು ನದಿ ತುಂಬಬಹುದಿತ್ತು. ಕಾಪ್‌ಮೋಯಿ ಬಿಟ್ಟಳು, ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಎಲ್ಲರೆದುರು ಬಿಟ್ಟಳು, ಪುಕ್ಕಲಿ, ನಾನು ಅವಳಿಗಿಂತ ಮೊದಲೇ ಬಿಟ್ಟಿದ್ದೆ, ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ, ಯಾರಿಗೂ ಹೇಳಲಿಲ್ಲ, ಇಳಿಸುವವಳೇ ಬಿಟ್ಟಳು ಅಂದರೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ, ಸೀಸೆಗೆ ತಣ್ಣನೆ ಕರಿ ಚಹಾ ತುಂಬಿಕೊಂಡೆ, ಅವಳೆದುರೇ ಕೂತು ಕೆನ್ನೆ ಉಬ್ಬಿಸಿದೆ, ಪಿಚಕ್ಕನೆ ಉಗಿದೆ, ಡಾಕ್ಟ್ರಿಗೆ ಹೆದರ್ಕೊಂಡು ಕೂತಿದ್ದೀಯಲ್ಲೇ, ನನ್ನ ನೋಡು, ಗುಂಡುಕಲ್ಲು, ನಾವೇನು ಕುಡೀತೀವಾ, ಬಾಯಲ್ಲಿಟ್ಕೋತೀವಿ ಅಷ್ಟೇ — ಮೂರು ವಾರ ತಡೆದಳು, ನಾಲ್ಕನೇ ವಾರ ಕೈಚಾಚಿದಳು, ನಿಜವಾದದ್ದನ್ನೇ ಕೊಟ್ಟೆ, ಅದರಲ್ಲೂ ಕಟುವಾದದ್ದು, ನಾಲ್ಕು ವರ್ಷ ಎದುರುಬದುರು ಕೂತೆವು, ಅವಳ ಬಾಯಲ್ಲಿ ಹೊಗೆನೀರು, ನನ್ನ ಬಾಯಲ್ಲಿ ಚಹಾ, ಹೊಗೆ ಹಾಕಿದ ಹಂದಿಮಾಂಸವನ್ನೂ ತಿಂದಳಲ್ಲ, ಅದರಿಂದಲೇ ಇರಬಹುದು, ನಾನೂ ತಿಂದೆನಲ್ಲ — ಈಗ ನನ್ನ ಚೀಲಕ್ಕೆ ಕೈ ಹಾಕುತ್ತಿದ್ದಾಳೆ, ತನ್ನದು ಖಾಲಿಯಂತೆ, ನರ್ಸು ಅಲ್ಲಿಂದಲೇ ಕೂಗುತ್ತಾಳೆ, ಅಜ್ಜೀ, ಒಂದು ಗಂಟೆ ಏನೂ ಕುಡೀಬೇಡಿ, ಕುಡಿಯಲ್ಲಮ್ಮಾ, ಬಾಯಲ್ಲಿಟ್ಕೋತೀನಿ, ಅನ್ನುತ್ತಾಳೆ ಇವಳು, ಬೇಡ ಕಣೇ, ಅಂದೆ, ಕೊಡೇ ಇಲ್ಲಿ, ಜಿಪುಣಿ, ಸಾಯೋಳಿಗೂ ಕೊಡಲ್ವಾ, ನನ್ನ ಚಹಾದ ಸೀಸೆ ಎತ್ತಿ ಬಾಯಿ ತುಂಬಿಕೊಂಡಳು, ತಲೆಯಾಡಿಸುತ್ತಾಳೆ, ಚೆನ್ನಾಗಿದೆ ಅಂತ, ನಾಲಿಗೆಗೆ ಏನೂ ಗೊತ್ತಾಗುತ್ತಿಲ್ಲ, ಸತ್ತ ನಾಲಿಗೆ, ಉಗಿಯೇ, ಅಂದೆ, ಸಾಕು ಉಗಿ, ಉಗಿಯುವುದಿಲ್ಲ, ಜೋತ ತುಟಿ ಇಷ್ಟಿಷ್ಟೇ ಬಿಗಿಯುತ್ತಿದೆ, ಮರಗಟ್ಟಿಸಿದ ಔಷಧಿ ಬಿಡುತ್ತಿದೆ, ಕೆನ್ನೆಯೊಳಗೆ ನಾಲಿಗೆ ಒಮ್ಮೆ ಹೊರಳಿತು, ಇನ್ನೊಮ್ಮೆ, ನಿಂತಿತು, ಕಣ್ಣು ನನ್ನ ಮೇಲೆ, ಉಗಿಯೇ ಕಾಪ್‌ಮೋಯಿ, ಉಬ್ಬಿದ ಕೆನ್ನೆ, ಉಗಿಯುವುದಿಲ್ಲ, ನುಂಗುವುದಿಲ್ಲ, ಉಬ್ಬಿದ ಕೆನ್ನೆ, ಉಬ್ಬಿದ ಕೆನ್ನೆ —