ಹದಿಮೂರು ಬಾವಿಗಳು

೧೯೮೧ನೇ ಇಸವಿ ಡಿಸೆಂಬರ್ ೧೨, ಶನಿವಾರ. ಯಶವಂತಪುರದಾಚೆಯ ಸಿಂಗಾಪುರ ಮತ್ತು ಸುತ್ತಿನ ಹಳ್ಳಿಗಳಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗ ಪರೀಕ್ಷಿಸಿದ್ದ ಬಾವಿಗಳು ಅರವತ್ತೆರಡು. ಕುಡಿಯಲು ಯೋಗ್ಯವೆಂದು ಪ್ರಬಂಧದಲ್ಲಿ ನಾವು ಬರೆದವು ನಲವತ್ತೊಂದು. ಆ ಪ್ರಬಂಧಕ್ಕೆ ಎಂಜಿನಿಯರುಗಳ ಸಂಘವೊಂದು ಆ ವರ್ಷದ ಚಿನ್ನದ ಪದಕ ಘೋಷಿಸಿತ್ತು. ಪದಕ ಸಿಗುವುದು ವಿಭಾಗದ ಮುಖ್ಯಸ್ಥರಾದ ಬದರೀನಾಥರಿಗೆ, ಲೆಕ್ಕವೆಲ್ಲ ನನ್ನದು. ಸಮಾರಂಭಕ್ಕೆ ಒಂಬತ್ತು ದಿನ ಉಳಿದಿತ್ತು.

ಪರೀಕ್ಷೆ ಸರಳ. ಬಾವಿಯ ನೀರನ್ನು ಮೂರು ಅಳತೆಗಳಲ್ಲಿ, ಅಳತೆಗೆ ಐದರಂತೆ, ಹದಿನೈದು ಗಾಜಿನ ನಳಿಕೆಗಳಿಗೆ ಹಾಕಿ, ಎರಡು ದಿನ ಬೆಚ್ಚಗಿಟ್ಟು, ಎಷ್ಟರಲ್ಲಿ ಗುಳ್ಳೆ ಎದ್ದಿತೆಂದು ಎಣಿಸುವುದು. ಆ ಎಣಿಕೆಯನ್ನು ಅಚ್ಚಾದ ಕೋಷ್ಟಕದಲ್ಲಿ ಹುಡುಕಿದರೆ ನೀರಿಗೆ ಎಷ್ಟು ಹೊಲಸು ಸೇರಿದೆಯೆಂಬ ಅಂಕಿ ಸಿಗುತ್ತದೆ. ಅಂಕಿ ಐವತ್ತರೊಳಗಿದ್ದರೆ ಬಾವಿಯ ಕಟ್ಟೆಗೆ ಹಸಿರು ಪಟ್ಟೆ ಬಳಿಯುತ್ತಿದ್ದೆವು, ಮೀರಿದರೆ ಕೆಂಪು.

ಮೂವತ್ತೆಂಟು ಬಾವಿ ಮುಗಿಯುವ ಹೊತ್ತಿಗೆ ಕ್ರಿಮಿಗಳು ಬೆಳೆಯಲೆಂದು ನಳಿಕೆಗೆ ಹಾಕುವ ಪುಡಿ ತಳ ಕಂಡಿತು. ಅದು ವಿದೇಶದಿಂದ ಬರಬೇಕು; ನೀರು ಹೆಚ್ಚಿದಷ್ಟೂ ಹೆಚ್ಚು ಬೇಕು. ಪುಡಿ ಉಳಿಸಲು ನೀರಿನ ಅಳತೆಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುವಂತೆ ನಾನೇ ಹೇಳಿದೆ. ಹಾಗೆ ಇಳಿಸಿದಾಗ ಕೋಷ್ಟಕದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ನಾನು ಗುಣಿಸಲಿಲ್ಲ.

ಇದು ಗೊತ್ತಾದದ್ದು ಆ ಶನಿವಾರ, ಸಮಾರಂಭದ ಭಾಷಣಕ್ಕಾಗಿ ಪ್ರಯೋಗಾಲಯದ ಪುಸ್ತಕವನ್ನು ತಿರುವಿ ಹಾಕುವಾಗ. ಮೂವತ್ತೊಂಬತ್ತನೆಯ ಬಾವಿಯಿಂದ ಪ್ರತಿ ಪುಟದ ತಲೆಯಲ್ಲಿ ಹೊಸ ಅಳತೆ ಸ್ಪಷ್ಟವಾಗಿ ಬರೆದಿತ್ತು. ಬರೆದವನು ಪ್ರಯೋಗಾಲಯದ ಸಹಾಯಕ, ಗದಗಿನ ಕಡೆಯ ಮುರಿಗೆಪ್ಪ. ಅವನನ್ನು ಕರೆದು ಕೇಳಿದೆ.

"ನೀವ ಹೇಳಿದ್ರಲ್ರೀ ಸರ, ಪುಡಿ ಉಳಸು ಅಂತ. ಉಳಿಸೇನಿ. ಡಬ್ಬಿ ಒಳಗ ಇನ್ನೂ ಐತಿ, ತೋರಸ್ಲೇನ್ರೀ?"

ಇಪ್ಪತ್ತನಾಲ್ಕು ಬಾವಿಗಳನ್ನು ಮತ್ತೆ ಲೆಕ್ಕ ಹಾಕಿದೆ. ಅವುಗಳಲ್ಲಿ ಹಸಿರು ಬಳಿದಿದ್ದವು ಹದಿನೇಳು. ಹಸಿರಾಗಿ ಉಳಿಯತಕ್ಕವು ನಾಲ್ಕು.

ಬದರೀನಾಥರು ಆ ಲೆಕ್ಕದ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಮಾರ್ಚ್‌ನಲ್ಲಿ ಅವರ ನಿವೃತ್ತಿ. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಅವರಿಗೆ ಬಂದ ಮೊದಲ ಗೌರವ ಅದು.

"ಸೊನ್ನೆ ಕಂಡ್ಹಿಡಿದಿದ್ದೂ ನಮ್ಮೋರೇ, ಕಳ್ಕೊಂಡಿದ್ದೂ ನಮ್ಮೋರೇ," ಎಂದರು. ನಗಲಿಲ್ಲ. "ಒಂಬತ್ತ್ ದಿನ ಸುಮ್ನಿರೋಕಾಗಲ್ವೇನ್ರೀ ವೇಣುಗೋಪಾಲ್? ಆಮೇಲೆ ತಿದ್ದುಪಡಿ ಕಳ್ಸೋಣ. ನಾನೇ ಸೈನ್ ಹಾಕ್ತೀನಿ."

"ಒಂಬತ್ತು ದಿನ ಅವರು ಆ ನೀರು ಕುಡೀತಾರೆ, ಸಾರ್."

"ಒಂದ್ ವರ್ಷದಿಂದ ಕುಡೀತಿದಾರಲ್ಲ! ಬಾವಿಗೆ ಬೇಕಾದ್ರೆ ನಾಳೇನೇ ಕೆಂಪು ಬಳೀರಿ, ಯಾರ್ ಬೇಡ ಅಂದ್ರು? ಸಂಘಕ್ಕೆ ಬರೀಬೇಡಿ ಅಂದೆ, ಅಷ್ಟೆ."

ತಪ್ಪು ಪ್ರಬಂಧಕ್ಕೆ ಪದಕ ಪಡೆಯುವುದನ್ನು ನಾನು ನೋಡುತ್ತ ಕೂರಲಾರೆನೆಂದೆ.

"ನೀವ್ ಮಾಡಿದ್ ತಪ್ಪಿಗೆ ನನ್ ಕೊರಳು. ಒಳ್ಳೆ ಲೆಕ್ಕ ಕಣ್ರೀ ಇದು."

ಸಂಜೆ ಯಶವಂತಪುರ ನಿಲ್ದಾಣದ ಅಂಚೆಪೆಟ್ಟಿಗೆಗೆ ಸಂಘದ ಹೆಸರಿನ ಪತ್ರ ಹಾಕಿದೆ. ಗುಣಿಸದೆ ಬಿಟ್ಟವನು ನಾನೊಬ್ಬನೇ ಎಂದು ಅದರಲ್ಲಿ ಬರೆದಿದ್ದೆ. ಸಂಘ ಆ ವರ್ಷದ ಪದಕವನ್ನು ಯಾರಿಗೂ ಕೊಡಲಿಲ್ಲ. ಮಾರ್ಚ್ ತಿಂಗಳ ಬೀಳ್ಕೊಡುಗೆಯಲ್ಲಿ ಬದರೀನಾಥರು ಎಲ್ಲರ ಕೈ ಕುಲುಕಿದರು. ನನ್ನ ಮುಂದೆ ಬಂದಾಗ ಕೈ ಮುಗಿದು ಮುಂದೆ ಹೋದರು.

ಇಷ್ಟು ಬರೆಯುವುದು ಕಷ್ಟವಲ್ಲ. ಪತ್ರ ಹಾಕಿದ ಮರುದಿನದ್ದು ಕಷ್ಟ.

ಭಾನುವಾರ ಬೆಳಿಗ್ಗೆ ಕೆಂಪು ಬಣ್ಣದ ಡಬ್ಬಿ ಹಿಡಿದು ಮುರಿಗೆಪ್ಪನೊಡನೆ ಸಿಂಗಾಪುರಕ್ಕೆ ಹೋದೆ. ನಲವತ್ತೇಳನೆಯ ಬಾವಿ ಚನ್ನಕ್ಕನ ಹಿತ್ತಿಲಿನದು. ಪ್ರಬಂಧದಲ್ಲಿ ಅದರ ಅಂಕಿ ಮೂವತ್ತಮೂರು. ನಿಜವಾದದ್ದು ಮುನ್ನೂರ ಮೂವತ್ತು. ಮುರಿಗೆಪ್ಪ ಹಸಿರಿನ ಮೇಲೆ ಕೆಂಪು ಎಳೆಯತೊಡಗಿದ. ಮುದುಕಿ ಸೊಂಟಕ್ಕೆ ಕೈ ಕೊಟ್ಟು ನೋಡಿದರು.

"ಇದ್ಯಾಕ್ ಸ್ವಾಮಿ, ಇಂಗ್ ಬಳೀತೀರಾ? ಅಸಿರೇ ಚೆಂದಾಗಿತ್ತು."

"ನೀರು ಕೆಟ್ಟಿದೆಯಮ್ಮ. ಕುಡಿಯಬೇಡಿ."

"ಮದ್ಲು ನಾವ್ ಕಾಯ್ಸೇ ಕುಡೀತಿದ್ವಿ. ನೀವ್ ಅಸಿರು ಬಳ್ದ್ ಮ್ಯಾಲೆ ಬಿಟ್ವಿ. ಓದ್ದೋರು ಏಳವ್ರೆ, ಸೌದೆ ಯಾಕ್ ದಂಡ ಅಂತ." ಆಕೆ ಒಳಗೆ ತಿರುಗಿ ಕೂಗಿದರು, "ತುಂಗಾ! ಏ ತುಂಗಾ!" ಮತ್ತೆ ನನ್ನತ್ತ ತಿರುಗಿ, "ಕೇಳ್ಸಲ್ಲ ಅವ್ಳಿಗೆ. ಸೊಸೆ. ಶ್ರಾವಣ್ದಾಗೆ ಇಪ್ಪತ್ತೊಂದ್ ದಿನ ಜ್ವರ. ಟೈಫಾಯ್ಡ್ ಅಂದ್ರು ಆಸ್ಪತ್ರೇಲಿ. ಜೀವ ಉಳೀತು, ಕಿವಿ ಓಯ್ತು."

ಜ್ವರ ಆ ನೀರಿನಿಂದಲೇ ಬಂತೆಂದು ನಾನು ಸಾಧಿಸಲಾರೆ. ಅಲ್ಲವೆಂದೂ ಸಾಧಿಸಲಾರೆ. ಮುರಿಗೆಪ್ಪನ ಕುಂಚ ನಿಂತಿತು. ಅವನು ನನ್ನ ಮುಖ ನೋಡಿದ.

"ನೀರು ಯಾವಾಗ್ ಕೆಡ್ತು ಸ್ವಾಮಿ?" ಎಂದರು ಚನ್ನಕ್ಕ.

ಸಂಘಕ್ಕೆ ಹಿಂದಿನ ಸಂಜೆಯಷ್ಟೇ ಬರೆದಿದ್ದ ವಾಕ್ಯ ನಾಲಗೆಯ ತುದಿಯಲ್ಲಿತ್ತು. "ಈಚೆಗೆ," ಎಂದೆ.

"ಅಷ್ಟ್ ದೂರದಿಂದ ಬಂದು ಏಳಿದ್ರಲ್ಲ, ದೊಡ್ಡೋರು ನೀವು. ಇನ್ನೊಬ್ರಾಗಿದ್ರೆ ಏಳ್ತಿದ್ರಾ?" ಆಕೆ ಒಳಗೆ ಹೋಗಿ ಸೆರಗಿನ ತುಂಬ ಅವರೆಕಾಯಿ ತಂದು ನನ್ನ ಚೀಲಕ್ಕೆ ಸುರಿದರು. ಬೇಡವೆನ್ನಲು ಕಾರಣ ಹೇಳಬೇಕಾಗಿತ್ತು. ಹೇಳದೆ ತೆಗೆದುಕೊಂಡೆ.

ಹದಿಮೂರು ಬಾವಿಗಳಿಗೂ ಅಂದೇ ಕೆಂಪು ಬಿತ್ತು. ಚನ್ನಕ್ಕನಿಗೆ ಹೇಳಬೇಕಾದದ್ದು ಇಂದಿಗೂ ಬಾಕಿ ಇದೆ.