ಉಳಿದ ಎರಡು ಹೆಸರು

ರಿಟೈರ್ಡ್ ಮೇಷ್ಟ್ರ ಎಡಗೆನ್ನೆಯ ನೊರೆ ಆಗಲೇ ಒಣಗಿ ಬಿರುಕು ಬಿಡುತ್ತಿದೆ, ಬಲಗೆನ್ನೆ ಬೋಳಿಸಿದ್ದು ತಾನೇ ಇರಬೇಕು, ಸಲೂನಿನಲ್ಲಿ ಬೇರೆ ಯಾರೂ ಇಲ್ಲವಲ್ಲ, ಕೈಯಲ್ಲಿ ಕತ್ತಿಯೂ ಇದೆ, ಬೋಳಿಸಿದ ನೆನಪು ಮಾತ್ರ ಇಲ್ಲ — ಮೂರು ಹೆಣ್ಣುಮಕ್ಕಳು ಒಟ್ಟಿಗೇ ಹುಟ್ಟಿದ ಮೇಲೆ ಅವನು ನಿಂತಲ್ಲೇ ನಿದ್ದೆಮಾಡುತ್ತ ಒಂದು ಗಡ್ಡ ಮುಗಿಸುವಷ್ಟು ಪಳಗಿದ್ದಾನೆ, ನಿನ್ನೆ ಕಟಿಂಗಿಗೆ ಬಂದ ಪೊಲೀಸಪ್ಪನನ್ನು ಭುಜಕ್ಕೊರಗಿಸಿಕೊಂಡು ತೇಗು ಬರುವ ತನಕ ಬೆನ್ನು ತಟ್ಟಿದ್ದ, ಆತನೂ ತೇಗಿ, ಥ್ಯಾಂಕ್ಸ್ ಹೇಳಿ ಹೋದ. ಹೆಸರಿಟ್ಟಾಯ್ತೇನಪ್ಪಾ, ಮೇಷ್ಟ್ರು ತುಟಿ ಅಲ್ಲಾಡಿಸದೆ ಕೇಳುತ್ತಾರೆ. ಇಲ್ಲ ಮೇಷ್ಟ್ರೆ. ಪ್ರಾಸ ಹೊಂದಿಸೋಕೆ ಮಾತ್ರ ಹೋಗಬೇಡ, ನನ್ನ ಕ್ಲಾಸಲ್ಲಿ ಹಂಗೆ ಮೂವರಿದ್ರು, ಒಬ್ಬನನ್ನ ಬೈದ್ರೆ ಮೂವರೂ ಅಳೋರು, ಒಬ್ಬನಿಗೆ ಸೂಜಿ ಚುಚ್ಚಿದ್ರೆ ಮೂವರಿಗೂ ಜ್ವರ. ಹೌದಾ ಮೇಷ್ಟ್ರೆ, ಕತ್ತಿ ಒರೆಸುವ ಬಿಳಿ ಬಟ್ಟೆ, ಬಿಳಿ ಬಟ್ಟೆಯಲ್ಲಿ ಕಾಲು — ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಉಳಿದುಹೋದ ಮೂರನೆಯದರ ಕಾಲು, ಅವನ ಹೆಬ್ಬೆರಳಿಗಿಂತ ಒಂಚೂರು ದೊಡ್ಡದು, ಕಣಕಾಲಿಗೆ ಕಟ್ಟಿದ ಚೀಟಿಯೇ ಅದಕ್ಕೆ ಭಾರ. ಮನೆಗೆ ಬಂದ ಇಬ್ಬರು ಬೀದಿಗೆ ಬೀದಿಯೇ ಏಳುವ ಹಾಗೆ ಕಿರುಚುತ್ತಾರೆ, ಅದಕ್ಕೆ ಅಳುವ ತ್ರಾಣವೂ ಇಲ್ಲ. ಬೆಳಿಗ್ಗೆ ಮನೆಯಲ್ಲಿ ಅತ್ತೆ ಹಾಲಿನ ಬಾಟಲಿ ಕುದಿಸುತ್ತ, ಅಳಿಯಂದಿರೇ, ಸದ್ಯಕ್ಕೆ ಇವೆರಡಕ್ಕೆ ಇಡಿ, ಅದರದ್ದು ಆಮೇಲೆ ನೋಡೋಣ. ಆಮೇಲೆ ಅಂದ್ರೆ ಯಾವಾಗಮ್ಮ, ಗೋಡೆಗೆ ತಿರುಗಿ ಮಲಗಿದ್ದ ಹೆಂಡತಿ ಕೇಳಿದಳು, ಅತ್ತೆ ಕುದಿಸಿದ ಬಾಟಲಿಯನ್ನೇ ಮತ್ತೆ ಕುದಿಸಿದರು. ರೀ, ಮೂರೂ ಹೆಸರು ಇವತ್ತೇ ಬೇಕು ನಂಗೆ, ಸಿಸ್ಟರ್‌ಗೆ ಹೇಳಿ ಚೀಟಿ ಮೇಲೆ ಬರೆಸಿ, ಮೂರನೇ ಮಗು ಮೂರನೇ ಮಗು ಅಂತಿದ್ರೆ ಅದಕ್ಕಾದ್ರೂ ಇಲ್ಲಿರೋಕೆ ಯಾಕೆ ಮನಸ್ಸು ಬರುತ್ತೆ. ಉಷಾ, ಸಂಧ್ಯಾ, ಯಾಮಿನಿ, ಮೇಷ್ಟ್ರು ಹೇಳುತ್ತಿದ್ದಾರೆ, ಬೆಳಗು, ಸಂಜೆ, ರಾತ್ರಿ, ನಂಟೂ ಇದೆ, ಒಂದರ ಥರ ಇನ್ನೊಂದಿಲ್ಲ. ಚೆನ್ನಾಗಿದೆ, ಮೊದಲನೆಯದು ಉಷಾ, ಎರಡನೆಯದು ಸಂಧ್ಯಾ, ಪೆಟ್ಟಿಗೆಯಲ್ಲಿರುವುದು ಯಾಮಿನಿ — ಉಷಾ ಸಂಧ್ಯಾ, ಉಷಾ ಸಂಧ್ಯಾ, ಅಷ್ಟೇ ಕೂಗಿದರೂ ಎಷ್ಟು ಸಲೀಸು, ಏನೋ ಕಡಿಮೆಯಾಗಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ — ಕತ್ತಿ ನಿಲ್ಲುತ್ತದೆ. ಮೊನ್ನೆ ಹೂವಿನ ಹೆಸರು ಹುಡುಕಿದಾಗಲೂ ಹೀಗೇ, ಉದುರಿದರೆ ಗೊತ್ತಾಗದ ಹಾಗೆ ಮೂರನೆಯದನ್ನು ತುದಿಗೇ ಇಟ್ಟಿದ್ದ. ಅತ್ತೆ ಬಾಯಿಬಿಟ್ಟು ಹೇಳಿದರು, ತಾನು ಹೇಳದೆ ಅದನ್ನೇ ಮಾಡುತ್ತಿದ್ದಾನೆ. ಏನಪ್ಪಾ, ನಿದ್ದೆ ಬಂತಾ, ಕುತ್ತಿಗೆ ನಂದು ಕಣೋ. ಒಂದ್ನಿಮಿಷ ಮೇಷ್ಟ್ರೆ — ನೊರೆಗೈಯಲ್ಲೇ ಫೋನು, ಸಿಸ್ಟರ್, ಚೀಟಿ ಮೇಲೆ ಬರ್ಕೊಳ್ಳಿ, ಉಷಾ. ಉಷಾ ಅಂದ್ರೆ ಬೆಳಗಲ್ವಾ, ಮೊದಲು ಹುಟ್ಟಿ ಮನೆಗೆ ಹೋಯ್ತಲ್ಲ, ದೊಡ್ಡದು, ಅದಕ್ಕಾ. ಅಲ್ಲ, ನಿಮ್ಮ ಹತ್ರ ಇದಾಳಲ್ಲ, ಅವಳಿಗೆ. ಇನ್ನು ಮನೆಯಲ್ಲಿ ಉಳಿದದ್ದು ಸಂಧ್ಯಾ, ಯಾಮಿನಿ, ಬರೀ ಸಂಜೆ, ಬರೀ ರಾತ್ರಿ, ಬೆಳಗೇ ಆಗದ ಮನೆ, ಈ ಕೊರತೆಯನ್ನು ಯಾರೂ ಮುಚ್ಚಿಹಾಕಲಾರರು, ಅವಳು ಬರಲೇಬೇಕು, ಬರದೇ ಹೋದರೆ ಈ ಇಬ್ಬರನ್ನು ಕೂಗಿದಾಗಲೆಲ್ಲ — ಬರೆದೆ ಕಣ್ರೀ, ಸಿಸ್ಟರ್ ಹೇಳುತ್ತಾಳೆ, ಕಾಲಿಗೆ ಕಟ್ತಾ ಇದ್ದೀನಿ, ಇರಿ, ಒದೀತಾಳಲ್ರೀ ಇವಳು — ಕಾಲು, ಬಿಳಿ ಬಟ್ಟೆಯಿಂದ ಹೊರಗೆ ಬಂದ ಕಾಲು, ಹೆಬ್ಬೆರಳಿಗಿಂತ ಒಂಚೂರೇ ದೊಡ್ಡದು, ಕಾಲು, ಕಾಲು