ಕಾಪಾಡಲೆಂದು ಕೊಂಡ ಕೈಗವಸು

ಕಬ್ಬಿಣಕ್ಕೆ ತೂತು ಕೊರೆಯುವವನ ಕೈ ಹೇಗಿರುತ್ತದೆಂದು ಅವನ ಹೆಂಡತಿಯನ್ನು ಕೇಳಬೇಕು. ಸಂಜೆ ಗಂಡ ಮನೆಗೆ ಬಂದರೆ, ಚರ್ಮದೊಳಗೆ ಹೊಕ್ಕ ಕಬ್ಬಿಣದ ಚೂರು ತೆಗೆಯಲು ಅವಳು ಸೂಜಿ ಹಿಡಿದು ಕೂರುತ್ತಿದ್ದಳು. ಒಂದು ದಿನ ಅಂಗಡಿಗೆ ಹೋಗಿ ದಪ್ಪನೆಯ ಕೈಗವಸು ತಂದೇಬಿಟ್ಟಳು.

ಗಂಡ ತಲೆ ಕೆರೆದುಕೊಂಡ. ಅವಳ ಮುಖ ನೋಡಿ, "ಚೆನ್ನಾಗಿದೆ" ಎಂದ.

ಗಂಡನ ಕಾರ್ಖಾನೆಯಲ್ಲೇ ದುಡಿಯುವ ಪಕ್ಕದ ಮನೆಯವನು ಬಾಗಿಲಲ್ಲಿದ್ದ.

"ತಗಡು ಎತ್ತುವಾಗ ಹಾಕ್ಕೊಳ್ಳಲಿ ತಂಗಿ. ಡ್ರಿಲ್ ಮುಂದೆ ಮಾತ್ರ ಬೇಡ."

"ಕೈ ಕೆಡೋದು ಅಲ್ಲೇ ಅಲ್ವಾ ಅಣ್ಣ?"

"ಬರೀ ಕೈಗೆ ತಾಗಿದ್ರೆ ಗಾಯ ಆಗಬಹುದು. ಗವಸಿನ ನೂಲು ಸುತ್ತಿಕೊಂಡ್ರೆ ಕೈನೇ ಎಳ್ಕೊಂಡು ಹೋಗುತ್ತೆ. ಸ್ವಿಚ್ ಆರಿಸೋಕೂ ಪುರುಸೊತ್ತಿರಲ್ಲ."

"ನಿಮಗೇನು ಬಿಡಿ, ಸೂಜಿ ಹಿಡಿಯೋಳು ನಾನು ತಾನೇ."

ಪಕ್ಕದ ಮನೆಯವನು ನಕ್ಕು ಹೊರಟುಹೋದ. ಇನ್ನೊಮ್ಮೆ ಒತ್ತಿ ಹೇಳಬಹುದಿತ್ತು, ಹೇಳಲಿಲ್ಲ.

ಕೆಲವು ದಿನ ಸೂಜಿಗೆ ಕೆಲಸವಿರಲಿಲ್ಲ. ಅವಳು ಬೀಗಿದ್ದೇ ಬೀಗಿದ್ದು. ಆಮೇಲೊಂದು ಮಧ್ಯಾಹ್ನ, ತಿರುಗುತ್ತಿದ್ದ ಡ್ರಿಲ್ ಪಕ್ಕದ ಚೂರು ಸರಿಸಲು ಗಂಡ ಹೋದಾಗ ಗವಸಿನ ತುದಿ ಸಿಕ್ಕಿಕೊಂಡಿತು. ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಿಂದ ಬಂದ ಮೇಲೆ ಅವನ ಅಂಗಿಯ ಗುಂಡಿಯನ್ನು ಅವಳೇ ಹಾಕಬೇಕಾಯಿತು. ಒಂದು ಬೆಳಿಗ್ಗೆ ಹಾಕುತ್ತಾ ಹಾಕುತ್ತಾ ಅತ್ತುಬಿಟ್ಟಳು.

"ಅಣ್ಣ ಹೇಳಿದ್ರೂ ಕೇಳಲಿಲ್ಲ. ನನ್ನ ಕೈಯಾರೆ ಹೀಗೆ ಮಾಡಿಬಿಟ್ಟೆ."

ಗಂಡ ಎಡಗೈಯಿಂದ ಅವಳ ಕಣ್ಣೊರೆಸಿದ. ಆಮೇಲೆ ಹೇಳಿದ: "ನನಗೂ ಗೊತ್ತಿತ್ತು. ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ರು. ನೀನು ಅಷ್ಟು ಆಸೆಪಟ್ಟು ತಂದಿದ್ದೆ. ಬೇಡ ಅಂದ್ರೆ ನೊಂದ್ಕೋತೀಯ ಅಂತ ಸುಮ್ಮನಿದ್ದೆ."

"ನೊಂದ್ಕೊಂಡಿದ್ರೆ ಏನಾಗ್ತಿತ್ತು ರೀ? ಒಂದು ಹೊತ್ತು ಮುಖ ಊದಿಸ್ಕೊಂಡು ಕೂತಿರ್ತಿದ್ದೆ, ಅಷ್ಟೇ ತಾನೇ?"

ಗಂಡ ಮತ್ತೆ ಕೆಲಸಕ್ಕೆ ಹೊರಟ ದಿನ ಅವಳೇ ಹೇಳಿದಳು: "ಗವಸು ಹಾಕ್ಕೊಂಡು ಡ್ರಿಲ್ ಹತ್ರ ಹೋಗಬೇಡಿ. ಮೆಷಿನ್ ಪೂರ್ತಿ ನಿಂತ ಮೇಲೇ ಚೂರು ತೆಗೀರಿ, ಅದೂ ಬ್ರಷ್‌ನಲ್ಲಿ." ಅವನು ಹೂಂ ಎಂದ. ಈ ಸಲ ಮನಸ್ಸಿನಿಂದಲೇ ಎಂದ.

ಅಕ್ಕಂದಿರೇ, ಅಣ್ಣಂದಿರೇ, ತಿರುಗುವ ಯಂತ್ರದ ಮುಂದೆ ಕೈಗವಸು, ಉಂಗುರ, ಸಡಿಲ ತೋಳು ಯಾವುದೂ ಬೇಡ. ಮನೆಯವರು ಅಕ್ಕರೆಯಿಂದ ಕೊಟ್ಟದ್ದಾದರೂ ಸರಿ, ಹಾಕಬಾರದ್ದನ್ನು ಹಾಕಬಾರದೆಂದು ಬಾಯಿಬಿಟ್ಟು ಹೇಳಿ. ನಿಮ್ಮ ಮನೆಯಲ್ಲೂ ಯಂತ್ರದ ಮುಂದೆ ದುಡಿಯುವವರಿದ್ದರೆ ಇವತ್ತೇ ಕೇಳಿ, "ನಿಮ್ಮ ಕೆಲಸದಲ್ಲಿ ಕೈಗೆ ಏನು ಹಾಕಬಾರದು?" ಎಂದು. ಅಂಗಡಿಗೆ ಹೋಗುವ ಮುಂಚೆ ಅವಳು ಇಷ್ಟು ಕೇಳಿದ್ದರೆ ಸಾಕಿತ್ತು.